ಎಡೆಗೆ ಏನಿಡ್ತೀರಿ?

ನಾನು ಕೇಳುವ ಒಂದು ಪ್ರಶ್ನೆಯಿಂದ ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ನನಗೆ ಚೆನ್ನಾಗಿ ಮಂಗಳಾರತಿಯಾಗಿದೆ. ಹೊಳೆನರಸೀಪುರದಲ್ಲಂತೂ ಒಬ್ಬ ಅಜ್ಜಿ ಪೊರಕೆಯನ್ನೇ ಕೈಗೆತ್ತಿಕೊಂಡಿದ್ದರು. ಆದರೂ ಕೇಳುವುದನ್ನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.

ನಾನು ನರ್ಸು. ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು ಕಳಿಸಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವುದು ನನ್ನ ಕೆಲಸ. ಹಾಸನದಿಂದ ಬೆಳಿಗ್ಗೆ ನಮ್ಮದೊಂದು ಹಳೇ ವ್ಯಾನು ಹೊರಡುತ್ತದೆ. ಒಂದು ದಿನ ಚನ್ನರಾಯಪಟ್ಟಣದ ಕಡೆ, ಒಂದು ದಿನ ಹೊಳೆನರಸೀಪುರ, ಇನ್ನೊಂದು ದಿನ ಗೊರೂರಿನ ಮೇಲೆ ಅರಕಲಗೂಡು. ನನ್ನ ಜೊತೆ ಇನ್ನೊಬ್ಬ ಸಿಸ್ಟರು ಇರುತ್ತಾಳೆ. ಅವಳದು ಬೆಣ್ಣೆಯಂಥ ಮಾತು, ನನ್ನದು ಮೂಗಿನ ತುದಿಯಲ್ಲೇ ಕೋಪ. ಕಾಯಿಲೆಯವರು ಮೈ ಒರೆಸಲು ಅವಳನ್ನು ಕರೆಯುತ್ತಾರೆ, ಮನೆಯವರನ್ನು ಬೈಸಲು ನನ್ನನ್ನು ಕರೆಯುತ್ತಾರೆ. ಹೀಗೆ ನಮ್ಮಿಬ್ಬರ ಕೆಲಸವೂ ಸರಿಯಾಗಿ ಹಂಚಿಕೆಯಾಗಿದೆ.

ನನ್ನ ಕೆಲಸ ಇಂಥದ್ದು ಎಂದ ಕೂಡಲೇ ಜನ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. "ಅಯ್ಯೋ, ದಿನಾ ಸಾವು ನೋಡ್ಬೇಕಲ್ಲ ಸಿಸ್ಟರ್" ಅನ್ನುತ್ತಾರೆ. ನಾನು ದಿನಾ ನೋಡುವುದು ಬದುಕಿರುವವರನ್ನು. ತೀರಿಕೊಂಡವರ ಮನೆಗೆ ನಾನು ಹೋಗುವುದು ಹೆಚ್ಚಾಗಿ ತಿಥಿ ಊಟಕ್ಕೆ. ಅಷ್ಟು ದಿನ ಮನೆಗೆ ಬಂದುಹೋದ ನರ್ಸಮ್ಮಂದಿರನ್ನು ನಮ್ಮ ಕಡೆಯವರು ಕರೆಯದೆ ಇರುವುದಿಲ್ಲ.

ಆ ಪ್ರಶ್ನೆ ಹುಟ್ಟಿದ್ದು ಅಂಥದ್ದೇ ಒಂದು ತಿಥಿಯಲ್ಲಿ. ಚನ್ನರಾಯಪಟ್ಟಣದ ಹತ್ತಿರ ತೆಂಗಿನ ತೋಟದ ಯಜಮಾನರೊಬ್ಬರಿದ್ದರು. ನಾವು ಹೋದಾಗಲೆಲ್ಲ ಅವರದು ಒಂದೇ ಬೇಡಿಕೆ, ಸಕ್ಕರೆ ಹಾಕಿದ ಒಂದು ಲೋಟ ಕಾಫಿ. "ಶುಗರ್ ಐತೆ ಸಿಸ್ಟ್ರೇ" ಎಂದು ಹೆಂಡತಿ, ಮಕ್ಕಳು ಯಾರೂ ಕೊಡುತ್ತಿರಲಿಲ್ಲ. ಇನ್ನು ಆ ಸಕ್ಕರೆಯಿಂದ ಆಗಬೇಕಾದ್ದು ಏನೂ ಇಲ್ಲ, ಡಾಕ್ಟರೂ ಆಗಲಿ ಎಂದಿದ್ದಾರೆ, ಧಾರಾಳವಾಗಿ ಕೊಡಿ ಎಂದು ನಾನು ಹೇಳಿದ್ದೂ ಹೇಳಿದ್ದೇ. ತಲೆಯಾಡಿಸುತ್ತಿದ್ದರು, ಕೊಡುತ್ತಿರಲಿಲ್ಲ. ಹನ್ನೊಂದನೇ ದಿನ ಹೋಗಿ ನೋಡುತ್ತೇನೆ, ಬಾಳೆಯೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟಿದ್ದಾರೆ. ಕೋಳಿ ಸಾರು, ಮಿಕ್ಸ್ಚರು, ಒಂದು ಕಟ್ಟು ಬೀಡಿ, ಮರೆಯದೆ ಬೆಂಕಿಪೊಟ್ಟಣ, ಪಕ್ಕದಲ್ಲಿ ದೊಡ್ಡ ಲೋಟದ ತುಂಬ ಕಾಫಿ. ಸಕ್ಕರೆ ಹಾಕಿದ್ದೀರಾ ಎಂದು ಕೇಳಿದೆ. "ಅವ್ರಿಗೆ ಸಕ್ಕರೆ ಮುಂದಿರ್ಬೇಕು ಕಣವ್ವ" ಎಂದು ಆ ಹೆಂಗಸು ಕಣ್ಣೊರೆಸಿಕೊಂಡರು. ಹೊರಗೆ ಗಂಡಸರು ಕಾಗೆ ಬಂದು ಎಡೆ ಮುಟ್ಟಲಿಲ್ಲ ಎಂದು ಆಕಾಶ ನೋಡಿಕೊಂಡು ಪೇಚಾಡುತ್ತಿದ್ದರು. "ಕಾಫಿ ಆರಿ ತಣ್ಣಗಾಗಿದೆ, ಯಾವ ಕಾಗೆ ಕುಡಿಯುತ್ತೆ?" ಎಂದು ನಾನು ಎಲ್ಲರ ಮುಂದೆ ಅಂದುಬಿಟ್ಟೆ. ನನ್ನ ಜೊತೆಯವಳು ಸೆರಗು ಹಿಡಿದು ಎಳೆದಳು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಜೊತೆಯವಳ ಮುಂದೆ ಗೊಣಗುತ್ತಲೇ ಇದ್ದೆ. ಇವರಿಗೆ ಪ್ರೀತಿ ಇಲ್ಲ ಅಂತಲ್ಲ, ಪ್ರೀತಿ ಬೇಕಾದಷ್ಟಿದೆ, ಅದನ್ನು ಬಡಿಸುವ ದಿನವನ್ನು ಮಾತ್ರ ತಪ್ಪಾಗಿ ಹಿಡಿದಿದ್ದಾರೆ ಅನ್ನಿಸಿತು. ಅಲ್ಲಿಂದಾಚೆಗೆ ಹೊಸ ಮನೆಗೆ ಹೋದರೆ ನೋವು, ನಿದ್ದೆ, ಮಲ, ಮೂತ್ರ ಎಲ್ಲ ಕೇಳಿ ಮುಗಿಸಿ, ಮನೆಯವರನ್ನು ಪಕ್ಕಕ್ಕೆ ಕರೆದು ಕೊನೆಗೆ ಇದನ್ನೂ ಕೇಳತೊಡಗಿದೆ. "ಎಡೆಗೆ ಏನಿಡ್ತೀರಿ?"

"ಬಿಡ್ತು ಅನ್ನವ್ವಾ! ಮನ್ಸ ಇನ್ನೂ ಉಸುರಾಡ್ತಾವ್ನೆ, ಆಗ್ಲೇ ಎಡೆ ಅಂತೀಯಲ್ಲ!"

"ಬಿಡ್ತು. ಈಗ ಹೇಳಿ, ಏನಿಡ್ತೀರಿ?"

ಬೈಗುಳ ಮುಗಿದ ಮೇಲೆ ಉತ್ತರ ಬಂದೇ ಬರುತ್ತದೆ. ಉತ್ತರ ಬಂದ ಮೇಲೆ ನನ್ನ ಮಾತು ಒಂದೇ. ಅದನ್ನು ಇವತ್ತೇ ತನ್ನಿ. ಪೊರಕೆ ಹಿಡಿದ ಅಜ್ಜಿ ಆಮೇಲೆ ತಮ್ಮ ಗಂಡನಿಗೆ ಚಕ್ಕುಲಿಯನ್ನು ಕಾಫಿಯಲ್ಲಿ ಅದ್ದಿ ಮೆತ್ತಗೆ ಮಾಡಿ ತಿನ್ನಿಸುತ್ತ, ನನಗೂ ಎರಡು ಕಟ್ಟಿಕೊಟ್ಟರು. ಗೊರೂರಿನ ಕ್ವಾರ್ಟರ್ಸ್‌ನಲ್ಲಿದ್ದ ಒಬ್ಬರು ಮೀನು ಸಾರಿನ ಪಾತ್ರೆಯನ್ನು ಎದೆಯ ಮೇಲೆ ಇಡಿಸಿಕೊಂಡು ಬರೀ ವಾಸನೆ ಹಿಡಿದರು. ತಿನ್ನುವುದಕ್ಕೆ ಆಗುತ್ತಿರಲಿಲ್ಲ, ಆದರೆ ಉಪ್ಪು ಕಮ್ಮಿಯಾಗಿದೆ ಎಂದು ವಾಸನೆಯಲ್ಲೇ ಹೇಳಿದರು. ಅವರ ಹೆಂಡತಿ ರುಚಿ ನೋಡಿದರೆ ಹೌದು, ಉಪ್ಪೇ ಹಾಕಿರಲಿಲ್ಲ. ಆ ಮನೆಯಲ್ಲಿ ಎದ್ದ ನಗು ರಸ್ತೆಗೆ ಕೇಳಿಸುತ್ತಿತ್ತು.

ಹೀಗೆ ನನ್ನ ಪ್ರಶ್ನೆ ಎಲ್ಲ ಕಡೆ ನಡೆಯುತ್ತಿತ್ತು. ಸಿಕ್ಕಿಹಾಕಿಕೊಂಡದ್ದು ಒಂದೇ ಮನೆಯಲ್ಲಿ.

ಅರಕಲಗೂಡಿನಿಂದ ರುದ್ರಪಟ್ಟಣದ ಕಡೆ ಹೋಗುವಾಗ ಬಲಕ್ಕೆ ಒಂದು ಊರು. ಆಲೂಗಡ್ಡೆ, ಶುಂಠಿ ಬೆಳೆಯುವ ಒಕ್ಕಲು ಮನೆ. ಅಲ್ಲಿನ ತಾಯಿಗೆ ಹೊಟ್ಟೆಯ ಕ್ಯಾನ್ಸರ್. ನಾವು ಮೊದಲು ಹೋದಾಗ ದಿನಕ್ಕೆ ನಾಲ್ಕಾರು ಚಮಚ ಗಂಜಿ ಒಳಗೆ ಹೋಗುತ್ತಿತ್ತು, ಅದರಲ್ಲೂ ಅರ್ಧ ವಾಪಸ್ಸು. ನೋವಿಗೆ ಔಷಧಿ ಶುರುಮಾಡಿದ ಮೇಲೆ ಮುಖ ಗೆಲುವಾಯಿತು. ಒಣಗಿ ಕಡ್ಡಿಯಾಗಿದ್ದರೂ ಆಕೆಯ ಕಣ್ಣು ಮಾತ್ರ ಮನೆಯ ಮೂಲೆಮೂಲೆಗೂ ಓಡಾಡುತ್ತಿತ್ತು. ಮನೆಯಲ್ಲಿ ಹಿರಿಮಗ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು. ಕಿರಿಮಗ ಹಾಸನದಲ್ಲಿ ಕೆಲಸಕ್ಕಿದ್ದ, ಅವನಿಗಿನ್ನೂ ಹೆಣ್ಣು ಸಿಕ್ಕಿರಲಿಲ್ಲ. ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿತ್ತು. ಆವತ್ತು ಮೂವರು ಮಕ್ಕಳೂ ಬಂದಿದ್ದರು. ಪಡಸಾಲೆಗೆ ಕರೆದು ನನ್ನ ಪ್ರಶ್ನೆ ಕೇಳಿದೆ.

ಬಿಡ್ತು ಎಲ್ಲ ಆಯಿತು. ಆಮೇಲೆ ಹಿರಿಮಗ ಬಾಯಿಬಿಟ್ಟ. "ಅಪ್ಪಂಗೆ ನಾಟಿಕೋಳಿ ಸಾರು, ಮುದ್ದೆ, ಎಲೆಅಡಿಕೆ, ಒಂದು ಕ್ವಾಟ್ರು ಇಟ್ಟಿದ್ವಿ ಸಿಸ್ಟ್ರೇ."

"ನಿಮ್ಮಪ್ಪನ ವಿಷಯ ಅಲ್ಲ. ಅವ್ವನಿಗೆ?"

"ಅವ್ವಂಗಾ..." ಅಂದವನು ತಮ್ಮನ ಮುಖ ನೋಡಿದ. ತಮ್ಮ, "ಕಾಫಿ ಅಲ್ವಾ?" ಅಂದ. "ಅವ್ವ ಎಲ್ಲೋ ಕಾಫಿ ಕುಡಿತದೆ? ನಮ್ಗೆ ಕಾಯ್ಸಿಕೊಡ್ತದೆ ಅಷ್ಟೇಯ" ಎಂದಳು ಮಗಳು. ಒಬ್ಬಟ್ಟು ಇರಬೇಕು ಎಂದು ಅವಳೇ ಮತ್ತೆ ಹೇಳಿದಳು. ಒಬ್ಬಟ್ಟು ಮಾಡಿದ ದಿನ ಅವ್ವ ತನ್ನ ಪಾಲನ್ನೂ ನನ್ನ ಎಲೆಗೇ ಹಾಕುತ್ತಿತ್ತು ಎಂದು ಹಿರಿಮಗ ತಲೆ ತಗ್ಗಿಸಿದ. ಹೆತ್ತು ಹೊತ್ತು ಇಷ್ಟು ವರ್ಷ ಬಡಿಸಿದ ತಾಯಿಗೆ ಏನು ಇಷ್ಟವೆಂದು ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಒಳಗಿನಿಂದ ಕೀರಲು ದನಿ ಬಂತು. "ಏನ್ಲಾ ಅದು ಗುಸುಗುಸು? ನನ್ ಎಡೆ ಇಚಾರ ತಾನೆ? ಮಿಕ್ಕಿದ್ದು ಏನಿರ್ತದೋ ಅದನ್ನೇ ಇಡ್ರಪ್ಪ, ನಂಗೆ ಅಭ್ಯಾಸ ಐತೆ."

ಹೇಳಿ ತಾವೇ ನಕ್ಕರು. ಮಕ್ಕಳು ನಗಲಿಲ್ಲ. ನನಗೆ ಕೋಪ ನೆತ್ತಿಗೇರಿತು. ನಾವು ಮುಂದಿನ ವಾರ ಬರುವುದರೊಳಗೆ ಅವ್ವನಿಗೆ ಏನಿಷ್ಟ ಅಂತ ಕಂಡುಹಿಡಿದು ಇಡಬೇಕು, ಇಲ್ಲದಿದ್ದರೆ ನಾನು ಈ ಮನೆಯ ಕಾಫಿ ಮುಟ್ಟುವುದಿಲ್ಲ ಎಂದು ಹೇಳಿ ಎದ್ದೆ. ಎದುರಿಗೆ ತಂದಿಟ್ಟಿದ್ದ ಕಾಫಿಯನ್ನು ಮಾತ್ರ ಅದಾಗಲೇ ಕುಡಿದು ಮುಗಿಸಿದ್ದೆ.

ಮುಂದಿನ ವಾರ ಹೋದರೆ ಮನೆ ಮದುವೆ ಮನೆಯಾಗಿತ್ತು. ಕಿರಿಮಗ ಹಾಸನದಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದಿದ್ದ. ಐಸ್‌ಕ್ರೀಮನ್ನೂ ತಂದಿದ್ದ, ಅದು ಬಸ್ಸಿನಲ್ಲೇ ಕರಗಿ ಪಾಯಸವಾಗಿತ್ತು. ಮಗಳು ಹೊಳೆನರಸೀಪುರದಿಂದ ಸಜ್ಜಪ್ಪ ಮಾಡಿ ತಂದಿದ್ದಳು. ಹಿರಿಮಗ ಬೋಟಿ ಗೊಜ್ಜು ಮಾಡಿಸಿದ್ದ. ಸುದ್ದಿ ಊರಿಗೆಲ್ಲ ಹಬ್ಬಿ, ಅಲ್ಲಿಯ ತನಕ ಬ್ರೆಡ್ಡು, ಕಿತ್ತಳೆ ಹಣ್ಣು ಹಿಡಿದು ಬಂದು ಮಂಚದ ಪಕ್ಕ ಕಣ್ಣೀರು ಹಾಕಿಹೋಗುತ್ತಿದ್ದವರೆಲ್ಲ ಈಗ ಒಂದೊಂದು ಬಟ್ಟಲು ಹಿಡಿದು ಬರುತ್ತಿದ್ದರು. ನುಗ್ಗೆಸೊಪ್ಪಿನ ಪಲ್ಯವಂತೆ, ಹಲಸಿನ ಹಣ್ಣಿನ ಕಡುಬಂತೆ, ರವೆ ಉಂಡೆಯಂತೆ. ತಮ್ಮದೇ ಗೆಲ್ಲುತ್ತದೆ ಎಂದು ಎಲ್ಲರಿಗೂ ಭರವಸೆ.

ತಾಯಿ ಪ್ರತಿಯೊಂದನ್ನೂ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು. ಪ್ರತಿಯೊಂದಕ್ಕೂ ಒಂದೇ ಮಾತು. "ಚಂದಾಗೈತೆ ಕಣಪ್ಪ. ನೀವ್ ತಿನ್ನಿ."

ಅವರು ತಿಂದರು. ತಿನ್ನುವುದನ್ನು ಆಕೆ ಕಣ್ತುಂಬ ನೋಡಿದರು. ವ್ಯಾನಿನಲ್ಲಿ ಕೂತ ಮೇಲೆ ನನ್ನ ಜೊತೆಯವಳು, "ಮಕ್ಕಳು ತಿನ್ನೋದು ನೋಡೋದೇ ಆ ತಾಯಿಗೆ ಇಷ್ಟ ಇರಬಹುದು ಕಣೇ" ಅಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಅದೆಲ್ಲ ತಿನ್ನುವವರು ಹೇಳುವ ಮಾತು. ಅಷ್ಟು ವರ್ಷ ಒಲೆ ಮುಂದೆ ಕೂತ ನಾಲಿಗೆಗೆ ತನ್ನದು ಅಂತ ಒಂದು ರುಚಿಯೂ ಇಲ್ಲವೆಂದರೆ ನಾನು ನಂಬುವುದಿಲ್ಲ ಎಂದೆ. ಆದರೆ ನನಗೂ ಒಳಗೊಳಗೆ ದಿಗಿಲು ಶುರುವಾಗಿತ್ತು. ಗಂಜಿ ಎರಡು ಚಮಚಕ್ಕೆ ಇಳಿದಿತ್ತು. ಇಷ್ಟರಲ್ಲೇ ಅದೂ ನಿಲ್ಲುತ್ತದೆ, ಇಷ್ಟವಾದ್ದು ಏನೆಂದು ಯಾರಿಗೂ ಗೊತ್ತಾಗದೆಯೇ ಈಕೆ ಹೋಗಿಬಿಡುತ್ತಾರೆ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಇನ್ನೊಂದು ವಾರಕ್ಕೆ ಗಂಜಿ ನಿಂತೇ ಹೋಯಿತು. ನಾವು ಹೋದಾಗ ಬೆಳಗಿನ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಮಗಳು ಅವ್ವನ ಜೊತೆಗೇ ಉಳಿದಿದ್ದಳು, ಕಿರಿಮಗ ರಜೆ ಹಾಕಿ ಬಂದಿದ್ದ. ತಾಯಿಗೆ ಎಚ್ಚರ ಚೆನ್ನಾಗಿತ್ತು, ಬಾಯಿ ಮಾತ್ರ ಒಣಗಿ ಅಂಟಂಟಾಗಿತ್ತು. ಹೀಗಾದಾಗ ನಾವು ಮೆತ್ತನೆಯ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಬಾಯಿಯ ಒಳಗೆಲ್ಲ ಒರೆಸುತ್ತೇವೆ. ನೀರೇ ಆಗಬೇಕೆಂದಿಲ್ಲ, ಎಳನೀರಾಗಬಹುದು, ಕಾಫಿಯಾಗಬಹುದು. ನುಂಗುವ ಕಷ್ಟವಿಲ್ಲ, ರುಚಿಯಷ್ಟೇ. ನನ್ನ ಜೊತೆಯವಳು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, "ಯಾವುದರಲ್ಲಿ ಅದ್ದಲಿ ಅವ್ವ?" ಎಂದು ತನ್ನ ಮಾಮೂಲಿ ಬೆಣ್ಣೆ ದನಿಯಲ್ಲಿ ಕೇಳಿದಳು.

ಆಕೆ ಈ ಸಲ ಮಿಕ್ಕಿದ್ದೇ ಆಗಲಿ ಅನ್ನಲಿಲ್ಲ. ಯಾರಿಗೂ ಪಾಲು ಎತ್ತಿಡಬೇಕಿಲ್ಲ, ಒಂದು ತೊಟ್ಟು ಸಾಕು ಅಂದಾಗ ಧೈರ್ಯ ಬಂತೋ ಏನೋ.

"ಚಿಗಳಿ," ಅಂದರು.

"ಏನವ್ವ?"

"ಹುಣ್ಸೆಣ್ಣಿನ ಚಿಗಳಿ ಕಣವ್ವ. ಉಪ್ಪು, ಬೆಲ್ಲ, ಮೆಣಸಿನಕಾಯಿ, ಜೀರಿಗೆ ಹಾಕಿ ಕುಟ್ಟಿ ಕಡ್ಡಿಗೆ ಸಿಗ್ಸೋದು. ಹೆಣ್ಣೈಕ್ಳು ನೆಕ್ತಾವಲ್ಲ, ಅದು."

ಮೂವರು ಮಕ್ಕಳೂ ಬಾಯಿ ಬಿಟ್ಟುಕೊಂಡು ನಿಂತರು. "ನೀನ್ ಹುಳಿನೇ ಮುಟ್ಟಲ್ವಲ್ಲವ್ವ!" ಎಂದಳು ಮಗಳು.

"ಮುಟ್ಟದಂಗೆ ಮಾಡ್ಬುಟ್ರಲ್ಲ ನಿಮ್ಮಜ್ಜಿ!" ಎಂದು ಆಕೆ ಕತೆ ಶುರುಮಾಡಿದರು. ಮಧ್ಯೆ ಮಧ್ಯೆ ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದರು, ನಾವು ಕಾಯುತ್ತಿದ್ದೆವು. ಮದುವೆಯಾಗಿ ಬಂದ ಹೊಸದು. ಹಿತ್ತಿಲಲ್ಲೇ ಹುಣಸೆಮರ. ಒಂದು ದಿನ ಅತ್ತೆ ಸಂತೆಗೆ ಹೊರಟರು ಅಂತ ಚಿಗಳಿ ಕುಟ್ಟಿಕೊಂಡು ಒರಳಿನ ಹಿಂದೆ ಕೂತು ನೆಕ್ಕುತ್ತಿದ್ದರಂತೆ. ಅತ್ತೆ ಬಸ್ಸು ತಪ್ಪಿಸಿಕೊಂಡು ವಾಪಸ್ಸು ಬಂದುಬಿಟ್ಟರು.

"ಬೈತಾರೆ ಅನ್ಕಂಡೆ. ಬೈಲಿಲ್ಲ ಕಣವ್ವ, ತಬ್ಬಿಕಂಡ್ರು! ಸೊಸೆ ಹುಳಿ ನೆಕ್ತಾವ್ಳೆ, ವಿಶೇಷ ಅಂತ ಊರ್ಗೆಲ್ಲ ಸಕ್ಕರೆ ಹಂಚ್ಬುಟ್ರು. ನಮ್ಮಪ್ಪಂಗೂ ಹೇಳಿಕಳ್ಸಿ, ಅವ್ರು ಸೀರೆ, ಬಳೆ, ಕಾಯಿ, ಬೆಲ್ಲ ಗಾಡೀಲಿ ಹೇರ್ಕಂಡು ಬಂದ್ರು. ನಾನು ಹೂಂ ಅನ್ನಾಕೂ ಆಗ್ದು, ಊಹೂಂ ಅನ್ನಾಕೂ ಆಗ್ದು."

"ಆಮೇಲೆ?" ಎಂದೆ ನಾನು.

"ಆಮೇಲೇನು, ತಿಂಗಳಾದ ಮೇಲೆ ವಿಶೇಷ ಏನೂ ಇಲ್ಲ ಅಂತ ಗೊತ್ತಾಯ್ತು. ಊರೆಲ್ಲಾ ನಗು. ಅಲ್ಲಿಂದಾಚ್ಗೆ ನಾನು ಒಂದ್ ಹುಣ್ಸೆಬೀಜ ಮುಟ್ಟಿದ್ರೂವೆ, ಈ ಸಲ ದಿಟವಾ ಅಂತ ನಿಮ್ಮಪ್ಪ ರೇಗ್ಸೋರು. ಹಾಳಾಗೋಗ್ಲಿ ಅಂತ ಬುಟ್ಬುಟ್ಟೆ. ನಿಮ್ಮನ್ನ ಹೊತ್ತಾಗ್ಲೂ ಹಟಕ್ಕೆ ಹುಳಿ ಮುಟ್ಲಿಲ್ಲ."

ನಾನು ನಕ್ಕ ನಗುವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಕಿರಿಮಗ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. ಸೊಸೆ ಅಷ್ಟರಲ್ಲಿ ಒಳಗೆ ಹೋಗಿ ಡಬ್ಬದಿಂದ ಹುಣಸೆಹಣ್ಣು ತೆಗೆದಾಗಿತ್ತು, ಒರಳಿನ ಸದ್ದು ಕೇಳಿಸಿತು. ಮೆಣಸಿನಕಾಯಿ ಹಾಕಬೇಡ, ಬಾಯಿ ಉರಿಯುತ್ತದೆ ಎಂದು ನಾನು ಕೂಗಿದೆ. "ಖಾರ ಇಲ್ದೆ ಅದೆಂಥ ಚಿಗಳಿ?" ಎಂದು ಮಂಚದಿಂದ ತಕರಾರು ಬಂತು. ಕೊನೆಗೆ ಮೆಣಸಿನಕಾಯಿಯನ್ನು ಒಂದೇ ಒಂದು ಸಲ ಸವರಿ ತೆಗೆಯುವುದು ಎಂದು ರಾಜಿಯಾಯಿತು.

ಚಿಗಳಿಯನ್ನು ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ, ನೀರಿಗೆ ಅದ್ದಿ, ನಾನೇ ಆಕೆಯ ನಾಲಿಗೆಯ ಮೇಲಿಟ್ಟೆ. ಒಂದು ಕಣ್ಣು ಮುಚ್ಚಿತು. ಹುಬ್ಬು ಎರಡೂ ಮೇಲಕ್ಕೆ ಹೋದವು. ಒಣಗಿದ್ದ ಬಾಯಲ್ಲಿ ನೀರೂರಿತು, ನಾಲಿಗೆ ಅಂಗುಳಕ್ಕೆ ಬಡಿದು ಟಕ್ ಎಂದಿತು. ಹದಿನೆಂಟರ ಹುಡುಗಿಯ ಮುಖ ಹೇಗಿತ್ತೆಂದು ನಮಗೆಲ್ಲ ಆಗ ಗೊತ್ತಾಯಿತು. "ಇನ್ನೊಂದ್ ಕಿತ" ಎಂದರು. ಅದುವರೆಗೆ ಆ ಮನೆಯಲ್ಲಿ ಇನ್ನೊಂದು ಸಲ ಬೇಕು ಎಂದು ಆಕೆ ಕೇಳಿದ್ದನ್ನು ತಾನು ಕಂಡೇ ಇಲ್ಲ ಎಂದ ಹಿರಿಮಗ. ಮಗಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಕಿರಿಯವನು ಮಂಚದ ಮೇಲೆ ಬಗ್ಗಿ, "ಏನವ್ವ, ವಿಶೇಷನಾ?" ಎಂದ. ಆ ಬಡಕಲು ಕೈ ಮೇಲೆದ್ದು ಅವನ ಕೆನ್ನೆಗೆ ಒಂದು ಬಿಟ್ಟಿತು.

ಆಕೆ ಆಮೇಲೆ ಬಹಳ ದಿನ ಇರಲಿಲ್ಲ. ಹೋಗುವಾಗ ನೋವಿರಲಿಲ್ಲ, ಮಕ್ಕಳೆಲ್ಲ ಸುತ್ತ ಇದ್ದರು, ಅಷ್ಟನ್ನು ನಾವು ನೋಡಿಕೊಂಡೆವು. ಆದರೆ ಆವತ್ತಿನ ಬೆಳಿಗ್ಗೆ ಅಲ್ಲಿಗೇ ಮುಗಿಯಲಿಲ್ಲ, ನನಗೆ ಹೇಳಲೇಬೇಕಾದ್ದು ಮುಂದಿನದು.

ಎಲ್ಲರೂ ಚಿಗಳಿ ನೆಕ್ಕುತ್ತ ಕೂತಿದ್ದಾಗ ತಾಯಿ ಹಿರಿಮಗನನ್ನು ಹತ್ತಿರ ಕರೆದರು. "ಲೇ, ನಿನ್ ಹೆಂಡ್ರುಗೆ ಏನಿಷ್ಟ ಹೇಳ್ಲಾ."

ಅವನು ಹೆಂಡತಿಯ ಕಡೆ ನೋಡಿದ. "ಅವ್ಳಾ? ಅವ್ಳು ಏನ್ ಕೊಟ್ರೂ ತಿಂತಾಳೆ ಬುಡವ್ವ."

ನಾನು ಬಾಯಿ ತೆರೆದೆ. ನನ್ನ ಜೊತೆಯವಳು ನನ್ನ ಮೊಣಕೈ ಹಿಡಿದಳು. ಬೈಯುವ ಅಗತ್ಯವೂ ಬರಲಿಲ್ಲ.

"ಹನಿಕೇಕು ಕಣ್ಲಾ," ಎಂದರು ತಾಯಿ. "ಮಕ್ಳಿಗೆ ಅಂತ ಬೇಕರಿಯಿಂದ ತತ್ತೀಯಲ್ಲ, ಅದು. ಐಕ್ಳು ತಿಂದು ಎದ್ದೋದ ಮೇಲೆ ಕಾಗ್ದಕ್ಕೆ ಅಂಟಿರೋ ಜಾಮ್ನ ಬೆಳ್ಳಲ್ಲಿ ಬಳ್ಕಂಡು ತಿಂತಾಳೆ. ನಾನು ನೋಡಿವ್ನಿ. ನಿಂಗೆ ಇಷ್ಟೊರ್ಸದಲ್ಲಿ ಕಂಡಿಲ್ಲ. ನಾನು ಹೋದ್ಮೇಲೆ ಹೇಳೋರು ಯಾರವ್ರೆ ಅವ್ಳಿಗೆ? ಹೋಗ್, ತತ್ತಾ."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯೋ ಸುಮ್ಕಿರಿ ಅತ್ತೆ" ಎನ್ನುವಷ್ಟರಲ್ಲಿ ಹಿರಿಮಗ ಬೈಕಿನ ಕೀಲಿ ಹುಡುಕುತ್ತಿದ್ದ. ಅವನು ಅರಕಲಗೂಡಿಗೆ ಹೋಗಿಬರುವ ತನಕ ನಾವೂ ಹೊರಡಲಿಲ್ಲ. ಮುಂದಿನ ಮನೆಗೆ ಫೋನು ಮಾಡಿ ಸ್ವಲ್ಪ ತಡವಾಗುತ್ತದೆ ಎಂದೆ, ಏನಾದರೂ ತೊಂದರೆಯಾ ಸಿಸ್ಟರ್ ಎಂದರು, ಇಲ್ಲ, ಕೇಕು ಬರಬೇಕು ಎಂದೆ.

ಒಂದು ಡಬ್ಬದ ತುಂಬ ಬಂತು. ಮೇಲೆ ಕೆಂಪು ಜಾಮು, ಕೊಬ್ಬರಿ ತುರಿ. ಗಂಡ ಅದನ್ನು ಹೆಂಡತಿಯ ಕೈಗೆ ಕೊಡಲು ನಾಚಿಕೊಂಡು ಮಂಚದ ಕೊನೆಯಲ್ಲಿಟ್ಟ. ಅವಳು ಅಭ್ಯಾಸದಂತೆ ಮೊದಲನೆಯ ತುಂಡು ಎತ್ತಿ, ಓಡಿಬಂದ ತನ್ನ ಪುಟ್ಟ ಮಗನ ಕಡೆ ಚಾಚಿದಳು.

"ಕೊಡ್ಬ್ಯಾಡ," ಎಂದರು ಅತ್ತೆ. "ನೀನ್ ತಿನ್ನು."

ಅವಳು ಅಡುಗೆಮನೆ ಬಾಗಿಲಿಗೆ ಹೋಗಿ, ಗೋಡೆಯ ಕಡೆ ಅರ್ಧ ತಿರುಗಿ ನಿಂತು, ಒಂದು ಚೂರು ಬಾಯಿಗಿಟ್ಟುಕೊಂಡಳು.

"ನಿಂತ್ಕಂಡ್ ತಿನ್ಬ್ಯಾಡ ಕಣವ್ವ," ಎಂದು ಆಕೆ ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡಿಕೊಟ್ಟರು. "ಬಾ, ಕುತ್ಕಂಡ್ ತಿನ್ನು."